ಮ್ಯಾನೋಸ್ ಪುಡಿ ಸೋತ ಮೇಲೂ ಮ್ಯಾನೋಸ್ ಅಣುಗಳನ್ನು ಯಾಕೆ ಕಟ್ಟುತ್ತಿದ್ದಾರೆ?

ಪದೇ ಪದೇ ಉರಿಮೂತ್ರದಿಂದ ಬಳಲುವವರಿಗೆ ಔಷಧದ ಅಂಗಡಿಯಲ್ಲಿ ಸುಲಭವಾಗಿ ಸಿಗುವ ವಸ್ತುಗಳಲ್ಲಿ ಡಿ-ಮ್ಯಾನೋಸ್ ಪುಡಿಯೂ ಒಂದು. ಬಿಡಿಯಾಗಿಯೂ ಸಿಗುತ್ತದೆ, ಕ್ರ್ಯಾನ್‌ಬೆರಿ ಸಾರದ ಜತೆ ಬೆರೆಸಿದ ಸ್ಯಾಶೆಯಾಗಿಯೂ ಸಿಗುತ್ತದೆ. ಇದೊಂದು ಸರಳ ಸಕ್ಕರೆ. ಬ್ಯಾಕ್ಟೀರಿಯಾವನ್ನು ಕೊಲ್ಲದೆ, ಮೂತ್ರಕೋಶದ ಗೋಡೆಗೆ ಅದು ಅಂಟದಂತೆ ನೋಡಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ವಿಚಾರ.

2024ರ ಏಪ್ರಿಲ್‌ನಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಪರೀಕ್ಷೆಯ ಫಲಿತಾಂಶ ಬಂತು. ಸೋಂಕು ಮರುಕಳಿಸುತ್ತಿದ್ದ 598 ಮಹಿಳೆಯರಲ್ಲಿ ಒಂದು ಗುಂಪಿಗೆ ಆರು ತಿಂಗಳ ಕಾಲ ದಿನಕ್ಕೆ 2 ಗ್ರಾಂ ಮ್ಯಾನೋಸ್, ಇನ್ನೊಂದು ಗುಂಪಿಗೆ ಅದೇ ಥರ ಕಾಣುವ ಫ್ರಕ್ಟೋಸ್ ಪುಡಿ ಕೊಟ್ಟರು. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿರಲಿಲ್ಲ, ತೆಗೆದುಕೊಂಡವರಿಗೂ ಗೊತ್ತಿರಲಿಲ್ಲ. ಸೋಂಕಿನ ಶಂಕೆಯಿಂದ ಮತ್ತೆ ವೈದ್ಯರ ಬಳಿ ಹೋದವರು ಮ್ಯಾನೋಸ್ ಗುಂಪಿನಲ್ಲಿ ಶೇ. 51, ಇನ್ನೊಂದರಲ್ಲಿ ಶೇ. 55.7. ಅಷ್ಟು ವ್ಯತ್ಯಾಸ ಬರಿಯ ಆಕಸ್ಮಿಕದಿಂದಲೂ ಬರಬಹುದು. ಪುಡಿಯಿಂದ ಪ್ರಯೋಜನವಿಲ್ಲ ಎಂಬುದೇ ತೀರ್ಮಾನವಾಯಿತು.

ಗೊಂದಲ ಶುರುವಾಗುವುದು ಇದರ ಮುಂದಿನ ಭಾಗದಲ್ಲಿ. ಜರ್ಮನಿ, ಸ್ವಿಟ್ಜರ್ಲೆಂಡ್, ಅಮೆರಿಕದ ಪ್ರಯೋಗಾಲಯಗಳು ಇದೇ ಮ್ಯಾನೋಸನ್ನು ಮೂಲವಾಗಿಟ್ಟುಕೊಂಡು ಹೊಸ ಅಣುಗಳನ್ನು ಕಟ್ಟುವುದನ್ನು ಬಿಟ್ಟಿಲ್ಲ. ಅಂಥ ಒಂದು ಅಣು ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಗೂ ಹೋಗಿದೆ. ಸೋತ ಸಕ್ಕರೆಯ ಹಿಂದೆ ಇಷ್ಟೊಂದು ಜನ ಯಾಕೆ ಬಿದ್ದಿದ್ದಾರೆ?

ಹಿಡಿತ ಇರುವುದು ಎಳೆಯ ತುದಿಯಲ್ಲಿ

ಮೂತ್ರಕೋಶ ದಿನಕ್ಕೆ ಹಲವು ಬಾರಿ ತುಂಬಿ ಖಾಲಿಯಾಗುತ್ತದೆ. ಅಂಟಿಕೊಳ್ಳಲಾರದ ಬ್ಯಾಕ್ಟೀರಿಯಾ ಮೂತ್ರದ ಜತೆ ಹೊರಗೆ ಹೋಗುತ್ತದೆ. ಹಾಗಾಗಿ ಸೋಂಕಿನ ಮೊದಲ ಹೆಜ್ಜೆ ಹಿಡಿದು ನಿಲ್ಲುವುದು. ಸಾಮಾನ್ಯ ಮೂತ್ರದ ಸೋಂಕುಗಳಲ್ಲಿ ಮುಕ್ಕಾಲು ಪಾಲಿಗೆ ಕಾರಣವಾದ ಇ. ಕೊಲೈ ಬ್ಯಾಕ್ಟೀರಿಯಾದ ಮೈಮೇಲೆ ಇದಕ್ಕಾಗಿಯೇ ಕೆಲವು ನೂರು ಸಣ್ಣ ಎಳೆಗಳಿರುತ್ತವೆ. ಒಂದನೇ ಬಗೆಯ ಪಿಲಿ ಎಂದು ಇವುಗಳ ಹೆಸರು. ಪ್ರತಿ ಎಳೆಯ ತುದಿಯಲ್ಲೂ ಫಿಮ್‌ಎಚ್ ಎಂಬ ಪ್ರೋಟೀನು. ಉತ್ತರಾಣಿ ಬೀಜ ಪಂಚೆಗೆ ಹಿಡಿಯುತ್ತದಲ್ಲ, ನೋಡಲು ಹಾಗೆಯೇ. ಆದರೆ ಉತ್ತರಾಣಿ ಸಿಕ್ಕಿದ ಬಟ್ಟೆಗೆಲ್ಲ ಹಿಡಿಯುತ್ತದೆ, ಫಿಮ್‌ಎಚ್ ಹಾಗಲ್ಲ. ಅದಕ್ಕೆ ಬೇಕಾಗಿರುವುದು ಮ್ಯಾನೋಸ್. ಮೂತ್ರಕೋಶದ ಒಳಪದರದ ಯೂರೋಪ್ಲಾಕಿನ್ ಪ್ರೋಟೀನುಗಳ ಮೇಲೆ ಮ್ಯಾನೋಸ್ ಸರಪಳಿಗಳಿವೆ, ಅಲ್ಲಿಗೇ ಅದು ಹೋಗಿ ಹಿಡಿಯುತ್ತದೆ.

ಹೀಗೆ ಸಕ್ಕರೆಯನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿಗೆ ಲೆಕ್ಟಿನ್ ಎನ್ನುತ್ತಾರೆ. ನಮ್ಮ ಹಲಸಿನ ಬೀಜದಲ್ಲೂ ಇವೆ. ಅವುಗಳಲ್ಲಿ ಒಂದಾದ ಜಾಕಲಿನ್‌ನ ರಚನೆಯನ್ನು 1996ರಲ್ಲಿ ಬಿಡಿಸಿ ತೋರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಎ. ಸುರೋಲಿಯಾ ಅವರ ತಂಡ. ಹಲಸಿನ ಇನ್ನೊಂದು ಲೆಕ್ಟಿನ್ ಆರ್ಟೋಕಾರ್ಪಿನ್‌ಗಂತೂ ಇಷ್ಟವಾಗುವುದು ಇದೇ ಮ್ಯಾನೋಸ್.

ಇ. ಕೊಲೈ ನಮ್ಮ ಜೀವಕೋಶಗಳಿಗೆ ಅಂಟುವುದು ಮ್ಯಾನೋಸ್ ಮೂಲಕ ಎಂದು 1977ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದವರು ಇಸ್ರೇಲಿನ ಇಟ್ಜಾಕ್ ಒಫೆಕ್, ನಾಥನ್ ಶರೋನ್ ಮತ್ತು ಜತೆಗಾರರು. ಎರಡು ವರ್ಷದ ನಂತರ ಮೀಥೈಲ್ ಮ್ಯಾನೋಸೈಡ್ ಎಂಬ ಸರಳ ಅಣು (ಮ್ಯಾನೋಸಿಗೆ ಒಂದು ಇಂಗಾಲದ ಬಾಲ ಜೋಡಿಸಿದ್ದು) ಇಲಿಯ ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಾ ನೆಲೆಸುವುದನ್ನು ತಡೆಯಿತು. ಹುಸಿ ಹಿಡಿಕೆಯೊಂದನ್ನು ಮೊದಲೇ ಕೈಗೆ ಕೊಟ್ಟರೆ ನಿಜವಾದ ಹಿಡಿಕೆಗೆ ಕೈ ಹೋಗುವುದಿಲ್ಲ ಎಂಬ ಈ ತರ್ಕ ಇಂದಿಗೂ ಬಿದ್ದುಹೋಗಿಲ್ಲ. ನಮ್ಮ ದೇಹವೂ ಇದನ್ನೇ ಮಾಡುತ್ತದೆ: ಮೂತ್ರದಲ್ಲಿರುವ ಯೂರೋಮಾಡ್ಯುಲಿನ್ ಎಂಬ ಪ್ರೋಟೀನು ಮ್ಯಾನೋಸ್ ಸರಪಳಿಗಳನ್ನು ಹೊತ್ತು ತಿರುಗುತ್ತಾ ಬ್ಯಾಕ್ಟೀರಿಯಾವನ್ನು ಕಟ್ಟಿಕೊಂಡು ಹೊರಗೆ ಹೋಗುತ್ತದೆ.

ಒಂದು ಪರೀಕ್ಷೆ ಗೆದ್ದಿತು, ಇನ್ನೊಂದು ಸೋತಿತು

ಪುಡಿಗೆ ಹೆಸರು ಬಂದಿದ್ದು 2014ರಲ್ಲಿ. ಕ್ರೊಯೇಷಿಯಾದಲ್ಲಿ 308 ಮಹಿಳೆಯರನ್ನು ಮೂರು ಗುಂಪು ಮಾಡಿದ್ದರು. ಆರು ತಿಂಗಳಲ್ಲಿ ಸೋಂಕು ಮರುಕಳಿಸಿದ್ದು 2 ಗ್ರಾಂ ಮ್ಯಾನೋಸ್ ಕುಡಿದವರಲ್ಲಿ ಶೇ. 14.6, ನೈಟ್ರೋಫ್ಯುರಾಂಟೊಯಿನ್ ಆಂಟಿಬಯೋಟಿಕ್ ತೆಗೆದುಕೊಂಡವರಲ್ಲಿ ಶೇ. 20.4, ಏನನ್ನೂ ತೆಗೆದುಕೊಳ್ಳದವರಲ್ಲಿ ಶೇ. 60.8. ಅಂಕಿ ಕಣ್ಣು ಕುಕ್ಕುವ ಹಾಗಿದೆ. ಆದರೆ ಮೂರನೇ ಗುಂಪಿಗೆ ಹುಸಿ ಪುಡಿ ಕೊಟ್ಟಿರಲಿಲ್ಲ. ತಾವು ಏನನ್ನೂ ತೆಗೆದುಕೊಳ್ಳುತ್ತಿಲ್ಲ ಎಂದು ಅವರಿಗೆ ಗೊತ್ತಿತ್ತು. ಅಂಥವರು ಸಣ್ಣ ಉರಿಗೂ ವೈದ್ಯರ ಬಳಿ ಓಡುವುದು ಸಹಜ. 2018ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಕೂಡ, ಬೇಕಿದ್ದವರು ಮ್ಯಾನೋಸ್ ಪ್ರಯತ್ನಿಸಬಹುದು ಎಂದು ಮೆಲುದನಿಯಲ್ಲಿ ಹೇಳಿತ್ತು. ಮೆಲುದನಿಯ ಮಾತು ಜಾಹೀರಾತಿಗೆ ಬರುವಷ್ಟರಲ್ಲಿ ಗಟ್ಟಿಯಾಗುತ್ತದೆ.

2024ರ ಪರೀಕ್ಷೆಗೆ ಬಂದ ಆಕ್ಷೇಪಗಳಲ್ಲಿ ಎರಡು ಗಮನಕ್ಕೆ ಯೋಗ್ಯ. ಒಂದು: ಎಣಿಸಿದ್ದು ಮೂತ್ರದ ಕಲ್ಚರಿನಲ್ಲಿ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಖಚಿತವಾದ ಸೋಂಕನ್ನಲ್ಲ, ಸೋಂಕಿನ ಶಂಕೆಯಿಂದ ಮಾಡಿದ ಭೇಟಿಯನ್ನು. ಎರಡು: ಹುಸಿ ಪುಡಿಯಾಗಿ ಕೊಟ್ಟ ಫ್ರಕ್ಟೋಸ್ ಕೂಡ ಫಿಮ್‌ಎಚ್‌ಗೆ ತುಸು ಅಂಟುತ್ತದೆ, ಮ್ಯಾನೋಸಿಗಿಂತ ಹದಿಮೂರು ಹದಿನಾಲ್ಕು ಪಟ್ಟು ಸಡಿಲವಾಗಿ. ಎರಡನೆಯದು ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದು ಕಷ್ಟ. ತಿಂದ 2 ಗ್ರಾಂ ಫ್ರಕ್ಟೋಸನ್ನು ಕರುಳು ಮತ್ತು ಯಕೃತ್ತು ಅಲ್ಲೇ ಮುಗಿಸುತ್ತವೆ, ಮೂತ್ರಕೋಶದವರೆಗೆ ಹೆಚ್ಚೇನೂ ಉಳಿಯುವುದಿಲ್ಲ. ಮೊದಲನೆಯ ಆಕ್ಷೇಪಕ್ಕೆ ತೂಕವಿದೆ. ಆದರೂ ರೋಗಿಗೆ ಬೇಕಾಗಿರುವುದು ಉರಿ ಬಾರದಿರುವುದು, ಮತ್ತು ಆ ಅಳತೆಯಲ್ಲಿ ಪುಡಿ ಗೆಲ್ಲಲಿಲ್ಲ.

ಕಾಗದದ ಮೇಲಿನ ಲೆಕ್ಕ

ಪುಡಿ ಯಾಕೆ ಸೋಲಬಹುದು ಎಂದು ತಿಳಿಯಲು ಸಣ್ಣ ಲೆಕ್ಕ ಸಾಕು. ಹಿಡಿತದ ಬಿಗಿಯನ್ನು ಬಿಡುಗಡೆ ಸ್ಥಿರಾಂಕ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಚಿಕ್ಕದಾದಷ್ಟೂ ಹಿಡಿತ ಬಿಗಿ. ಫಿಮ್‌ಎಚ್‌ನ ಸಕ್ಕರೆ ಹಿಡಿಯುವ ಭಾಗಕ್ಕೂ ಮ್ಯಾನೋಸಿಗೂ ಇದು ಸುಮಾರು 2.3 ಮೈಕ್ರೋಮೋಲಾರ್. (ಮೋಲಾರ್ ಎಂದರೆ ದ್ರಾವಣದಲ್ಲಿ ಅಣುಗಳು ಎಷ್ಟು ದಟ್ಟವಾಗಿವೆ ಎಂದು ಹೇಳುವ ಅಳತೆ. ಸಾವಿರ ನ್ಯಾನೋ ಸೇರಿದರೆ ಒಂದು ಮೈಕ್ರೋ, ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ.) ಮೂತ್ರದಲ್ಲಿ ಇದರ ಹತ್ತು ಪಟ್ಟು, ಅಂದರೆ 23 ಮೈಕ್ರೋಮೋಲಾರ್ ಮ್ಯಾನೋಸ್ ಇದೆ ಎಂದುಕೊಳ್ಳಿ. ಆಗ ಶೇ. 91 ಫಿಮ್‌ಎಚ್‌ಗಳು ತುಂಬಿರುತ್ತವೆ. ಸಾಕಲ್ಲವೇ? ಸಾಲದು. ಬ್ಯಾಕ್ಟೀರಿಯಾಕ್ಕೆ 300 ಎಳೆಗಳಿದ್ದರೆ ಇನ್ನೂ 27 ಎಳೆಗಳು ಖಾಲಿ ಇವೆ, ಗೋಡೆ ಹಿಡಿಯಲು ಅಷ್ಟು ಬೇಕಾದಷ್ಟಾಯಿತು. ಖಾಲಿ ಎಳೆಗಳನ್ನು ಒಂದಕ್ಕೆ ಇಳಿಸಬೇಕಾದರೆ ಮ್ಯಾನೋಸ್ ಸುಮಾರು 700 ಮೈಕ್ರೋಮೋಲಾರ್‌ವರೆಗೆ ಏರಬೇಕು. ಪ್ರಯೋಗಾಲಯದ ತಟ್ಟೆಗಳಲ್ಲಿ ನಡೆಸುವ ಪ್ರಯೋಗಗಳಲ್ಲಿ ನಿಜವಾದ ಬ್ಯಾಕ್ಟೀರಿಯಾವನ್ನು ಅರ್ಧದಷ್ಟು ತಡೆಯಲು ಮೀಥೈಲ್ ಮ್ಯಾನೋಸೈಡ್ ಕೆಲವು ಮಿಲಿಮೋಲಾರ್ ಬೇಕಾಗುವುದೂ ಇದೇ ಕಾರಣಕ್ಕೆ.

3 ಮಿಲಿಮೋಲಾರ್ ಎಂದರೆ ಲೀಟರಿಗೆ 540 ಮಿಲಿಗ್ರಾಂ ಮ್ಯಾನೋಸ್. ದಿನಕ್ಕೆ ಒಂದೂವರೆ ಲೀಟರ್ ಮೂತ್ರವೆಂದರೆ 810 ಮಿಲಿಗ್ರಾಂ. ಅಂದರೆ ನುಂಗಿದ 2 ಗ್ರಾಮಿನಲ್ಲಿ ಶೇ. 40 ಭಾಗ ಹಾಗೇ ಮೂತ್ರಕ್ಕೆ ಬರಬೇಕು, ಅದೂ ಇಡೀ ದಿನ ಸಮನಾಗಿ. ಮ್ಯಾನೋಸ್ ನಮ್ಮ ದೇಹಕ್ಕೆ ಪರಕೀಯವಲ್ಲ. ಜೀವಕೋಶಗಳು ಅದನ್ನು ಫ್ರಕ್ಟೋಸ್-6-ಫಾಸ್ಫೇಟ್ ಮಾಡಿಕೊಂಡು ಉರಿಸಿಬಿಡುತ್ತವೆ, ಸೋಸಿ ಬಂದಿದ್ದರಲ್ಲಿ ಒಂದು ಪಾಲನ್ನು ಮೂತ್ರಪಿಂಡವೇ ವಾಪಸ್ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಒಂದು ಚಮಚ ಕುಡಿದರೆ ಕೆಲವು ಗಂಟೆ ಏರಿಕೆ, ಆಮೇಲೆ ಇಳಿತ. ಬ್ಯಾಕ್ಟೀರಿಯಾಕ್ಕೆ ಬೇಕಾಗಿರುವುದು ಆ ಇಳಿತದ ಹೊತ್ತು ಮಾತ್ರ.

ಏಳು ಇಂಗಾಲದ ಬಾಲ

ಇಲ್ಲಿಂದ ರಸಾಯನಶಾಸ್ತ್ರಜ್ಞರ ಹಾದಿ ಬೇರೆಯಾಗುತ್ತದೆ. ಸಕ್ಕರೆಯನ್ನು ಹೆಚ್ಚು ಸುರಿಯುವ ಬದಲು ಹಿಡಿತವನ್ನೇ ಬಿಗಿ ಮಾಡಿದರೆ? 1987ರಷ್ಟು ಹಿಂದೆಯೇ ಶರೋನ್ ಅವರ ಬಳಗ, ಮ್ಯಾನೋಸಿಗೆ ಬೆಂಜೀನ್ ಉಂಗುರ ಸೇರಿಸಿದರೆ ತಡೆಯುವ ಶಕ್ತಿ ನೂರಾರು ಪಟ್ಟು ಏರುವುದನ್ನು ಕಂಡಿತ್ತು. ಯಾಕೆ ಎಂದು ಗೊತ್ತಾಗಿದ್ದು ಫಿಮ್‌ಎಚ್‌ನ ಹರಳಿನ ರಚನೆ ಸಿಕ್ಕ ಮೇಲೆ. ಮ್ಯಾನೋಸ್ ಕೂರುವ ಗುಳಿಯ ಬಾಯಲ್ಲಿ ಎರಡು ಟೈರೋಸಿನ್, ಒಂದು ಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲಗಳು ಸೇರಿ ಎಣ್ಣೆಯ ಗುಣದ ಬಾಗಿಲೊಂದು ಇದೆ. ನೀರನ್ನು ಒಲ್ಲದ ಬಾಲವೊಂದು ಸಕ್ಕರೆಗೆ ಇದ್ದರೆ ಅದು ಈ ಬಾಗಿಲಿಗೆ ಒರಗಿ ಕೂರುತ್ತದೆ.

2005ರಲ್ಲಿ ಬೆಲ್ಜಿಯಂನ ಜೂಲಿ ಬುಕಾರ್ಟ್ ಮತ್ತು ಜತೆಗಾರರು ಬಾಲದ ಉದ್ದವನ್ನು ಒಂದೊಂದೇ ಇಂಗಾಲ ಹೆಚ್ಚಿಸಿ ಅಳೆದರು. ಒಂದು ಇಂಗಾಲದ ಮೀಥೈಲ್‌ಗೆ 2.2 ಮೈಕ್ರೋಮೋಲಾರ್, ನಾಲ್ಕರ ಬ್ಯೂಟೈಲ್‌ಗೆ 0.15 ಮೈಕ್ರೋಮೋಲಾರ್, ಏಳರ ಹೆಪ್ಟೈಲ್‌ಗೆ ಸುಮಾರು 5 ನ್ಯಾನೋಮೋಲಾರ್. ಅದೇ ಸಕ್ಕರೆ, ಬಾಲ ಮಾತ್ರ ಬೇರೆ, ಹಿಡಿತ ನಾನ್ನೂರು ಪಟ್ಟಿಗೂ ಮೇಲೆ. ಮೇಲಿನ 300 ಎಳೆಗಳ ಲೆಕ್ಕಕ್ಕೆ ಈ ಅಂಕಿಯನ್ನು ಹಾಕಿದರೆ 700 ಮೈಕ್ರೋಮೋಲಾರ್ ಬೇಕಾಗಿದ್ದಲ್ಲಿ ಒಂದೂವರೆ ಮೈಕ್ರೋಮೋಲಾರ್ ಸಾಕು. ಮ್ಯಾನೋಸ್ ಪುಡಿಯ ಸೋಲನ್ನು ಇಡೀ ವಿಚಾರದ ಸೋಲು ಎಂದು ಓದಬಾರದು ಎನ್ನುವವರ ಪಟ್ಟು ನಿಂತಿರುವುದು ಈ ಅಂತರದ ಮೇಲೆ.

ಪ್ರಯೋಗಾಲಯದಲ್ಲಿ ಕಟ್ಟುವ ಬಗೆ

ಹೆಪ್ಟೈಲ್ ಮ್ಯಾನೋಸೈಡ್ ಕಟ್ಟಲು ಮೂರು ಹೆಜ್ಜೆ. ಕೇಳಲು ಸುಲಭ, ಕೆಡುವ ಜಾಗಗಳು ಮಾತ್ರ ಹಲವು.

ಮೊದಲು ಮ್ಯಾನೋಸಿನ ಐದೂ ಹೈಡ್ರಾಕ್ಸಿಲ್‌ಗಳಿಗೆ ಅಸಿಟೈಲ್ ಮುಚ್ಚಳ ಹಾಕಬೇಕು. 5 ಗ್ರಾಂ ಮ್ಯಾನೋಸನ್ನು 40 ಮಿ.ಲೀ. ಪಿರಿಡಿನ್‌ನಲ್ಲಿ ಕಲಸಿ, ಐಸಿನಲ್ಲಿಟ್ಟು, 20 ಮಿ.ಲೀ. ಅಸೆಟಿಕ್ ಅನ್‌ಹೈಡ್ರೈಡನ್ನು ತೊಟ್ಟು ತೊಟ್ಟಾಗಿ ಹಾಕಿ ರಾತ್ರಿಯಿಡೀ ಕಲಕಿದರೆ ಪೆಂಟಾಅಸಿಟೇಟ್ ಸಿಗುತ್ತದೆ. ಲೆಕ್ಕದ ಪ್ರಕಾರ ಗರಿಷ್ಠ 10.8 ಗ್ರಾಂ. ಪಿರಿಡಿನ್ ವಾಸನೆ ಬೇಡವೆಂದರೆ ಅಸೆಟಿಕ್ ಅನ್‌ಹೈಡ್ರೈಡಿಗೆ ಚಿಟಿಕೆ ಅಯೋಡಿನ್ ಹಾಕಿಯೂ ಮಾಡಬಹುದು. ಅದು ನಿಮಿಷಗಳಲ್ಲಿ ಮುಗಿಯುತ್ತದೆ, ಆದರೆ ಒಮ್ಮೆಲೇ ಬಿಸಿಯೇರುತ್ತದೆ, ಐಸ್ ತಪ್ಪಿಸುವಂತಿಲ್ಲ. ಪಿರಿಡಿನ್ ಬಳಸಿದ್ದರೆ ಅದನ್ನು ತಿಳಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಟಾಲ್ವಿನ್ ಸೇರಿಸಿ ಆವಿ ಮಾಡಿ ಪೂರ್ತಿ ತೆಗೆಯಬೇಕು. ಉಳಿದ ಪಿರಿಡಿನ್ ಮುಂದಿನ ಹೆಜ್ಜೆಯ ಆಮ್ಲವನ್ನು ಕಟ್ಟಿಹಾಕುತ್ತದೆ. ಎರಡನೇ ಹೆಜ್ಜೆ ಯಾಕೆ ನಡೆಯುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವ ಹೊತ್ತಿಗೆ ತಪ್ಪು ಹಿಂದಿನ ದಿನವೇ ಆಗಿರುತ್ತದೆ.

ಎರಡನೆಯದು ಬಾಲ ಜೋಡಿಸುವುದು. 3.9 ಗ್ರಾಂ (10 ಮಿಲಿಮೋಲ್) ಪೆಂಟಾಅಸಿಟೇಟನ್ನು 40 ಮಿ.ಲೀ. ಒಣ ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಿ, 2.1 ಮಿ.ಲೀ. (15 ಮಿಲಿಮೋಲ್) ಹೆಪ್ಟನಾಲ್ (ಬಾಲವಾಗುವ ಏಳು ಇಂಗಾಲದ ಆಲ್ಕೋಹಾಲ್) ಸೇರಿಸಿ, ನೈಟ್ರೋಜನ್ ಅಡಿಯಲ್ಲಿ 0 ಡಿಗ್ರಿಗೆ ತಣಿಸಿ, 3.7 ಮಿ.ಲೀ. (30 ಮಿಲಿಮೋಲ್) ಬೋರಾನ್ ಟ್ರೈಫ್ಲೋರೈಡ್ ಈಥರೇಟ್ ಎಂಬ ಆಮ್ಲವನ್ನು ನಿಧಾನವಾಗಿ ಬಿಟ್ಟು, ಕೋಣೆಯ ಉಷ್ಣಾಂಶದಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಇಲ್ಲಿ ನಡೆಯುವುದು ಸೊಗಸಾದ ಕೆಲಸ. ಆಮ್ಲ ಒಂದನೇ ಇಂಗಾಲದ ಅಸಿಟೇಟನ್ನು ಕಿತ್ತಾಗ ಎರಡನೇ ಇಂಗಾಲದ ಅಸಿಟೈಲ್ ಬಾಗಿ ಬಂದು ಉಂಗುರದ ಮೇಲಿನ ಮುಖವನ್ನು ಮುಚ್ಚುತ್ತದೆ. ಹೆಪ್ಟನಾಲ್‌ಗೆ ಕೆಳಗಿನಿಂದಲೇ ಬರದೆ ದಾರಿಯಿಲ್ಲ. ಸಿಗುವುದು ಬಾಲ ಕೆಳಮುಖವಾಗಿರುವ ಆಲ್ಫಾ ರೂಪ; ಮೇಲ್ಮುಖವಾದರೆ ಅದು ಬೀಟಾ. ಫಿಮ್‌ಎಚ್‌ಗೆ ಬೇಕಾಗಿರುವುದೂ ಆಲ್ಫಾ ರೂಪವೇ, ಬೀಟಾವನ್ನು ಅದು ಹೆಚ್ಚಾಗಿ ಮೂಸಿಯೂ ನೋಡುವುದಿಲ್ಲ.

ಕೆಡುವುದು ಹೀಗೆ. ದ್ರಾವಕದಲ್ಲಿ ತೇವವಿದ್ದರೆ ಹೆಪ್ಟನಾಲ್ ಬದಲು ನೀರು ಜೋಡಿಸಿಕೊಂಡು, ಬಾಲವಿಲ್ಲದ ಸಕ್ಕರೆ ಉಳಿಯುತ್ತದೆ. ಆಮ್ಲ ಕಡಿಮೆಯಾದರೆ ಅಥವಾ ಬೇಗ ನಿಲ್ಲಿಸಿದರೆ ಹೆಪ್ಟನಾಲ್ ಆ ಬಾಗಿದ ಅಸಿಟೈಲ್‌ಗೇ ಅಂಟಿ ಆರ್ಥೋಎಸ್ಟರ್ ಎಂಬ ಅಡ್ಡ ಉತ್ಪನ್ನ ಆಗುತ್ತದೆ. ಕೆಲವೊಮ್ಮೆ ಅಸಿಟೈಲ್ ಸಕ್ಕರೆಯನ್ನು ಬಿಟ್ಟು ಹೆಪ್ಟನಾಲ್‌ಗೆ ಹಾರಿ ಹೆಪ್ಟೈಲ್ ಅಸಿಟೇಟ್ ಆಗಿಬಿಡುತ್ತದೆ, ಹೆಪ್ಟನಾಲನ್ನು ಒಂದೂವರೆ ಪಟ್ಟು ತೆಗೆದುಕೊಳ್ಳುವುದು ಆ ನಷ್ಟಕ್ಕೇ. ನಾಜೂಕಾದ ಬಾಲವಿದ್ದರೆ ಈ ದಾರಿ ಬಿಟ್ಟು ಟ್ರೈಕ್ಲೋರೋಅಸಿಟಿಮಿಡೇಟ್ ದಾರಿ ಹಿಡಿಯುತ್ತಾರೆ. ಹೆಜ್ಜೆಗಳು ಹೆಚ್ಚು, ಆದರೆ ಆಮ್ಲ ಚೂರೇ ಸಾಕು. ಕೊನೆಗೆ ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಲ್ಲಿ ತೊಳೆಯುವಾಗ ಉಕ್ಕುವ ಅನಿಲವನ್ನು ಮುಚ್ಚಳವಿರುವ ಫನೆಲ್‌ನಿಂದ ಆಗಾಗ ಬಿಡದಿದ್ದರೆ ಮುಚ್ಚಳ ಹಾರುತ್ತದೆ, ಮಾಲೂ ಹೋಗುತ್ತದೆ.

ಮೂರನೆಯದು ಮುಚ್ಚಳಗಳನ್ನು ತೆಗೆಯುವುದು. ಒಣ ಮೆಥನಾಲ್‌ನಲ್ಲಿ ಕರಗಿಸಿ, ಪಿಎಚ್ 9ರಿಂದ 10ಕ್ಕೆ ಬರುವಷ್ಟು ಸೋಡಿಯಂ ಮೆಥಾಕ್ಸೈಡ್ ಹಾಕಿದರೆ ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ನಂತರ ಆಮ್ಲ ರೂಪದ ರೆಸಿನ್ (ಅಯಾನು ಬದಲಿಸುವ ಸಣ್ಣ ಮಣಿಗಳು) ಹಾಕಿ ಪಿಎಚ್ 7ಕ್ಕೆ ತಂದು ಕೂಡಲೇ ಸೋಸಬೇಕು. ರೆಸಿನ್ ಹಾಗೇ ಬಿಟ್ಟು ಊಟಕ್ಕೆ ಹೋದರೆ ದ್ರಾವಣ ಆಮ್ಲೀಯವಾಗುತ್ತಾ ಹೋಗುತ್ತದೆ.

ಸಕ್ಕರೆ ಅತಿನೇರಳೆ ದೀಪದಡಿ ಕಾಣುವುದಿಲ್ಲ. ಹಾಗಾಗಿ ಯಾವ ಯಾವ ಅಣು ಇದೆ ಎಂದು ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ತಟ್ಟೆಯನ್ನು ಎಥನಾಲ್‌ನಲ್ಲಿ ಕಲಸಿದ ಶೇ. 10ರ ಸಲ್ಫ್ಯೂರಿಕ್ ಆಮ್ಲದಲ್ಲಿ ಅದ್ದಿ, ಕಾಯಿಸಿ, ಕರಟಿದ ಕಪ್ಪು ಚುಕ್ಕೆಯನ್ನು ನೋಡಬೇಕು. ಆಲ್ಫಾನೋ ಬೀಟಾನೋ ಎಂದು ನಿರ್ಧರಿಸುವಾಗ ಮ್ಯಾನೋಸ್ ಒಂದು ಬಲೆ ಹಾಕಿಟ್ಟಿದೆ. ಗ್ಲೂಕೋಸಿನಲ್ಲಿ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ಓದುವ ವಿಧಾನ) ತೋರಿಸುವ ಹೈಡ್ರೋಜನ್-ಹೈಡ್ರೋಜನ್ ಜೋಡಣೆಯ ಅಂಕಿಯನ್ನು ನೋಡಿದರೆ ಸಾಕು, ಎರಡೂ ರೂಪ ಬೇರೆಯಾಗಿ ಕಾಣುತ್ತವೆ. ಮ್ಯಾನೋಸಿನಲ್ಲಿ ಎರಡರದ್ದೂ ಚಿಕ್ಕದೇ, ಭೇದ ತಿಳಿಯುವುದಿಲ್ಲ. ಒಂದನೇ ಇಂಗಾಲ ಮತ್ತು ಅದರ ಹೈಡ್ರೋಜನ್ ನಡುವಿನ ಜೋಡಣೆಯನ್ನು ಅಳೆಯಬೇಕು: 170 ಹರ್ಟ್ಸ್ ಆಸುಪಾಸು ಆಲ್ಫಾ, 160 ಆಸುಪಾಸು ಬೀಟಾ.

ಅಂಟನ್ನು ಅಳೆಯುವಾಗ ಏನೆಲ್ಲ ಮೋಸ

ಅಣು ಕೈಗೆ ಬಂದ ಮೇಲೆ ಅದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೇ ಎಂದು ನೋಡಲು ಒಂದು ಮೇಲ್ಮೈ ಬೇಕು. ಹೆಚ್ಚು ಬಳಕೆಯಲ್ಲಿರುವುದು 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಗುಳಿಗಳಿಗೆ ಯೀಸ್ಟಿನ ಮ್ಯಾನನ್ ದ್ರಾವಣವನ್ನು (ಪಿಎಚ್ 9.6ರ ಕಾರ್ಬೊನೇಟ್ ಬಫರಿನಲ್ಲಿ ಮಿ.ಲೀ.ಗೆ ಸುಮಾರು 1.2 ಮಿಲಿಗ್ರಾಂ) ಹಾಕಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸುತ್ತಾರೆ. ಮ್ಯಾನನ್ ಎಂದರೆ ಮ್ಯಾನೋಸಿನ ಉದ್ದ ಸರಪಳಿ, ಮೂತ್ರಕೋಶದ ಗೋಡೆಯ ಬದಲಿಗೆ ಅದು. ಬಾಕಿ ಬರಿದಾದ ಪ್ಲಾಸ್ಟಿಕ್ಕನ್ನು ಪಾಲಿವಿನೈಲ್ ಆಲ್ಕೋಹಾಲಿನಿಂದ ಮುಚ್ಚಿ, ಹಸಿರು ಬೆಳಕು ಸೂಸುವ ಇ. ಕೊಲೈಯನ್ನು ಬೇರೆ ಬೇರೆ ಪ್ರಮಾಣದ ಅಣುವಿನ ಜತೆ ಹಾಕಿ, 37 ಡಿಗ್ರಿಯಲ್ಲಿ ಒಂದು ಗಂಟೆ ಮೆಲ್ಲಗೆ ಅಲುಗಿಸಿ, ತೊಳೆದು, ಉಳಿದ ಹಸಿರನ್ನು ಓದುತ್ತಾರೆ. ಅಂಟುವುದು ಅರ್ಧಕ್ಕೆ ಇಳಿಯುವ ಪ್ರಮಾಣವೇ ಐಸಿ50.

ಈ ಅಂಕಿ ದಿನದಿಂದ ದಿನಕ್ಕೆ, ತಟ್ಟೆಯಿಂದ ತಟ್ಟೆಗೆ ಅಲುಗಾಡುತ್ತದೆ. ಅದಕ್ಕಾಗಿ ಪ್ರತಿ ತಟ್ಟೆಯಲ್ಲೂ ಮೀಥೈಲ್ ಮ್ಯಾನೋಸೈಡನ್ನು ಇಟ್ಟು, ಅದನ್ನು 1 ಎಂದುಕೊಂಡು ಉಳಿದವು ಎಷ್ಟು ಪಟ್ಟು ಎಂದು ಹೇಳುವ ರೂಢಿ. ಎರಡು ಲೇಖನಗಳ ಐಸಿ50ಗಳನ್ನು ನೇರವಾಗಿ ಪಕ್ಕ ಪಕ್ಕ ಇಟ್ಟು ಗೆದ್ದವರು ಯಾರು ಎಂದು ಹೇಳುವ ಸುದ್ದಿಗಳನ್ನು ನಂಬಲಾಗದು.

ಬ್ಯಾಕ್ಟೀರಿಯಾವೂ ಸುಮ್ಮನೆ ಇರುವುದಿಲ್ಲ. ಎಳೆಗಳನ್ನು ಬೆಳೆಸುವ ಜೀನಿಗೆ ಹಾಕು-ಆರಿಸು ಗುಂಡಿಯಂಥ ಒಂದು ಡಿಎನ್‌ಎ ತುಂಡು ಇದೆ, ಅದು ತಿರುಗಿದರೆ ಎಳೆಗಳೇ ಇರುವುದಿಲ್ಲ. ಜೋರಾಗಿ ಅಲುಗಿಸಿ ಬೆಳೆಸಿದ ಕಲ್ಚರಿನಲ್ಲಿ ಎಳೆ ಕಡಿಮೆ, ಎಲ್‌ಬಿ ಎಂಬ ಪೋಷಕ ದ್ರವದಲ್ಲಿ 48 ಗಂಟೆ ಅಲುಗಿಸದೆ ಇಟ್ಟರೆ ಜಾಸ್ತಿ. ಬೇಕರಿಯ ಯೀಸ್ಟನ್ನು ನೀರಲ್ಲಿ ಕದಡಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಕಲ್ಚರಿನ ಜತೆ ಬೆರೆಸಿದರೆ ಗೊತ್ತಾಗುತ್ತದೆ: ಒಡೆದ ಹಾಲಿನ ಥರ ಗರಣೆಗಟ್ಟಿದರೆ ಎಳೆಗಳಿವೆ, ಮ್ಯಾನೋಸ್ ಹಾಕಿದಾಗ ಆ ಗರಣೆ ಬಿಟ್ಟುಕೊಂಡರೆ ಅವು ಒಂದನೇ ಬಗೆಯವೇ. ಎರಡು ರೂಪಾಯಿಯ ಈ ಪರೀಕ್ಷೆ ಮಾಡದೆ ಹೋದರೆ ವಾರದ ಕೆಲಸ ಹಾಳಾಗಬಹುದು.

ಇನ್ನೊಂದು ಮೋಸ ಬಾಲದಿಂದಲೇ ಬರುತ್ತದೆ. ಬಾಲ ಉದ್ದವಾದಷ್ಟೂ ಅಣು ಸೋಪಿನ ಗುಣ ಪಡೆಯುತ್ತದೆ. ಎಂಟು ಒಂಬತ್ತು ಇಂಗಾಲದ ಬಾಲವಿರುವ ಮ್ಯಾನೋಸೈಡ್ ಹೆಚ್ಚು ಪ್ರಮಾಣದಲ್ಲಿ ಬ್ಯಾಕ್ಟೀರಿಯಾದ ಪೊರೆಯನ್ನೇ ಕೆಡಿಸಬಹುದು. ಆಗ ಹಸಿರು ಕಡಿಮೆಯಾಗಿದ್ದು ಅಂಟು ಬಿಟ್ಟಿದ್ದರಿಂದಲೋ ಸತ್ತಿದ್ದರಿಂದಲೋ ತಿಳಿಯದು. ತಾಮ್ರ ಬಳಸಿ ಅಜೈಡ್ ಮತ್ತು ಆಲ್ಕೈನ್ ಎಂಬ ತುದಿಗಳನ್ನು ಜೋಡಿಸಿ ಅಣು ಕಟ್ಟುವ ಕ್ಲಿಕ್ ವಿಧಾನದಲ್ಲೂ ಇದೇ ತೊಂದರೆ, ಉಳಿದ ತಾಮ್ರವೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. (ಅಜೈಡ್ ಮಾಡುವಾಗ ಸೋಡಿಯಂ ಅಜೈಡನ್ನು ಡೈಕ್ಲೋರೋಮೀಥೇನ್ ಹತ್ತಿರ ಸುಳಿಯಲೂ ಬಿಡಬಾರದು, ಸಿಡಿಯುವ ವಸ್ತು ಉಂಟಾಗುತ್ತದೆ.) ಆದ್ದರಿಂದ ಒಳ್ಳೆಯ ಪ್ರಯೋಗದಲ್ಲಿ ಮೂರು ಹೋಲಿಕೆಗಳಿರಬೇಕು: ಅದೇ ಬಾಲಕ್ಕೆ ಮ್ಯಾನೋಸ್ ಬದಲು ಗ್ಲೂಕೋಸ್ ಇಟ್ಟ ಅಣು, ಫಿಮ್‌ಎಚ್ ಜೀನ್ ತೆಗೆದ ಬ್ಯಾಕ್ಟೀರಿಯಾ, ಮತ್ತು ಬದುಕಿರುವ ಬ್ಯಾಕ್ಟೀರಿಯಾದ ಎಣಿಕೆ.

ಎಳೆದಷ್ಟೂ ಬಿಗಿಯುವ ಕುಣಿಕೆ

ತಟ್ಟೆಯಲ್ಲಿ ಗೆದ್ದ ಅಣು ದೇಹದಲ್ಲಿ ಎಡವಲು ದೊಡ್ಡ ಕಾರಣ ಹರಿವು. ಸಾಮಾನ್ಯ ಅಂಟನ್ನು ಎಳೆದರೆ ಬಿಡುತ್ತದೆ. ಫಿಮ್‌ಎಚ್ ತದ್ವಿರುದ್ಧ ಎಂದು 2002ರಲ್ಲಿ ಅಮೆರಿಕದ ವೆಂಡಿ ಥಾಮಸ್, ಎವ್ಗೆನಿ ಸೊಕುರೆಂಕೊ, ವಿಯೋಲಾ ಫೋಗೆಲ್ ಮತ್ತು ಜತೆಗಾರರು ತೋರಿಸಿದರು. ಆ ಪ್ರೋಟೀನಿನ ಎರಡು ಭಾಗಗಳು ಒತ್ತಿಕೊಂಡು ಕೂತಾಗ ಹಿಡಿತ ಸಡಿಲ. ಮೂತ್ರದ ಹರಿವು ಬ್ಯಾಕ್ಟೀರಿಯಾವನ್ನು ಎಳೆದಾಗ ಆ ಭಾಗಗಳು ಬೇರೆಯಾಗಿ, ಸಕ್ಕರೆಯ ಗುಳಿ ಬಿಗಿಯುತ್ತದೆ. ಎಳೆದಷ್ಟೂ ಬಿಗಿಯುವ ಕುಣಿಕೆ. ಹರಿವು ತಗ್ಗಿದಾಗ ಸಡಿಲಗೊಂಡು ಮುಂದಕ್ಕೆ ಉರುಳಿ ಹೊಸ ಜಾಗ ಹಿಡಿಯುತ್ತದೆ.

ಇದರಿಂದ ಆಗುವ ಪರಿಣಾಮ ನೇರ. ನಿಂತ ನೀರಿನಂಥ ತಟ್ಟೆಯಲ್ಲಿ ಅಳೆದ ಐಸಿ50, ಹರಿಯುವ ಮೂತ್ರಕೋಶಕ್ಕೆ ಹೊಂದುವುದಿಲ್ಲ. ಈಗಾಗಲೇ ಗೋಡೆ ಹಿಡಿದು ಎಳೆತಕ್ಕೆ ಸಿಕ್ಕ ಬ್ಯಾಕ್ಟೀರಿಯಾವನ್ನು ಬಿಡಿಸುವುದು ಹೊಸದಾಗಿ ಬರುವುದನ್ನು ತಡೆಯುವುದಕ್ಕಿಂತ ಎಷ್ಟೋ ಕಷ್ಟ. ಇನ್ನು ಕೆಲವು ಬ್ಯಾಕ್ಟೀರಿಯಾಗಳು ಮೂತ್ರಕೋಶದ ಜೀವಕೋಶಗಳ ಒಳಗೇ ಹೊಕ್ಕು ಗುಂಪುಗಟ್ಟುತ್ತವೆ; ಮೂತ್ರದಲ್ಲಿ ತೇಲುವ ಸಕ್ಕರೆ ಅಲ್ಲಿಗೆ ತಲಪುವುದೇ ಇಲ್ಲ.

ಮೇಲ್ಮೈಯೇ ಹೇಗೆ ಹಿಡಿತವನ್ನು ಬದಲಿಸುತ್ತದೆ ಎಂಬುದಕ್ಕೆ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ಥಿಸ್ಬೆ ಲಿಂಡ್‌ಹಾರ್ಸ್ಟ್ ಅವರ ಬಳಗದ 2014ರ ಕೆಲಸ ಚೆಂದದ ಉದಾಹರಣೆ. ಚಿನ್ನದ ತಗಡಿನ ಮೇಲೆ ಗಂಧಕದ ತುದಿಯಿಂದ ಹಿಡಿದು ನಿಂತ ಅಣುಗಳ ಪದರ. ಪ್ರತಿ ಅಣುವಿನ ತಲೆಯಲ್ಲಿ ಮ್ಯಾನೋಸ್, ನಡುವೆ ಅಜೋಬೆಂಜೀನ್ ಎಂಬ ಕೀಲು. ಅತಿನೇರಳೆ ಬೆಳಕು ಬಿದ್ದರೆ ಕೀಲು ಮಡಚಿ ಸಕ್ಕರೆ ಬೇರೆ ದಿಕ್ಕಿಗೆ ತಿರುಗುತ್ತದೆ, ನೀಲಿ ಬೆಳಕು ಬಿದ್ದರೆ ಮತ್ತೆ ನೆಟ್ಟಗಾಗುತ್ತದೆ. ಸಕ್ಕರೆಯ ಪ್ರಮಾಣ ಒಂದಿನಿತೂ ಬದಲಾಗದಿದ್ದರೂ, ಮಡಚಿದಾಗ ಅಂಟುವ ಇ. ಕೊಲೈ ಗಮನಾರ್ಹವಾಗಿ ಕಡಿಮೆಯಾಯಿತು. ಸಕ್ಕರೆ ಎಷ್ಟಿದೆ ಎಂಬುದರ ಜತೆಗೆ ಯಾವ ಕಡೆ ಮುಖ ಮಾಡಿದೆ ಎಂಬುದೂ ಬ್ಯಾಕ್ಟೀರಿಯಾಕ್ಕೆ ಮುಖ್ಯ. ಇದು ಔಷಧವಲ್ಲ, ಔಷಧವಾಗುವ ಉದ್ದೇಶವೂ ಅದಕ್ಕಿಲ್ಲ. ಕ್ಯಾಥೆಟರ್‌ನಂಥ (ಮೂತ್ರ ಹೊರತೆಗೆಯುವ ನಳಿಕೆ) ವಸ್ತುಗಳ ಮೇಲೆ ಅಂಟು ಹೇಗೆ ಶುರುವಾಗುತ್ತದೆ ಎಂದು ಯೋಚಿಸುವವರಿಗೆ ಮಾತ್ರ ಬೇಕಾದ ತಿಳಿವಳಿಕೆ.

ಎರಡು ಪಾಳಯ

ಈ ಅಣುಗಳ ಪರ ಇರುವವರ ದೊಡ್ಡ ವಾದ ಆಂಟಿಬಯೋಟಿಕ್ ನಿರೋಧ. ಕೊಲ್ಲುವ ಔಷಧ ಬಳಸಿದಾಗ ಬದುಕುಳಿಯುವುದು ನಿರೋಧ ಪಡೆದ ಬ್ಯಾಕ್ಟೀರಿಯಾ ಮಾತ್ರ, ಅದರ ಸಂತತಿಯೇ ಬೆಳೆಯುತ್ತದೆ. ಅಂಟು ಬಿಡಿಸಿ ಕಳಿಸಿದರೆ ಆ ಒತ್ತಡ ಕಡಿಮೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಕಾಟ್ ಹಲ್ಟ್‌ಗ್ರೆನ್ ಮತ್ತು ಜೇಮ್ಸ್ ಜಾನೆಟ್ಕಾ ಅವರ ತಂಡಗಳು 2011ರಲ್ಲಿ ಬಾಯಿಯ ಮೂಲಕ ಕೊಟ್ಟ ಮ್ಯಾನೋಸೈಡ್ ಇಲಿಗಳ ಸೋಂಕನ್ನು ಇಳಿಸಿದ್ದನ್ನು, 2017ರಲ್ಲಿ ಎಂ4284 ಎಂಬ ಅಣು ಕರುಳಿನ ಉಳಿದ ಬ್ಯಾಕ್ಟೀರಿಯಾಗಳನ್ನು ಹೆಚ್ಚು ಕದಡದೆ ಸೋಂಕುಕಾರಕ ಇ. ಕೊಲೈಯನ್ನು ಕಡಿಮೆ ಮಾಡಿದ್ದನ್ನು ತೋರಿಸಿದವು. ಎರಡನೆಯದು ಹೆಚ್ಚು ಮಹತ್ವದ್ದು, ಯಾಕೆಂದರೆ ಮೂತ್ರಕೋಶಕ್ಕೆ ಬರುವ ಇ. ಕೊಲೈಯ ಉಗ್ರಾಣ ಕರುಳೇ. ಜಿಎಸ್‌ಕೆ ಕಂಪನಿಯ ಮೂಲಕ ಮನುಷ್ಯರ ಮೇಲಿನ ಆರಂಭಿಕ ಪರೀಕ್ಷೆಗೆ ಹೋದ ಅಣು ಕೂಡ ಈ ಹಾದಿಯದ್ದೇ.

ಸಂಶಯಪಡುವವರು ಹೇಳುವುದೂ ಹಗುರವಲ್ಲ. ಇ. ಕೊಲೈ ಬಳಿ ಒಂದೇ ಬಗೆಯ ಎಳೆ ಇಲ್ಲ. ಮೂತ್ರಪಿಂಡದಲ್ಲಿ ಅದು ಬಳಸುವ ಪಿ-ಪಿಲಿ ಎಂಬ ಎಳೆಗಳು ಹಿಡಿಯುವುದು ಎರಡು ಗ್ಯಾಲಕ್ಟೋಸ್ ಸೇರಿದ ಸಕ್ಕರೆಯನ್ನು, ಮ್ಯಾನೋಸ್ ಅಣು ಅಲ್ಲಿ ದಂಡ. ಇ. ಕೊಲೈ ಅಲ್ಲದ ಬ್ಯಾಕ್ಟೀರಿಯಾಗಳಿಂದ ಬರುವ ಕಾಲು ಭಾಗ ಸೋಂಕುಗಳು ಬೇರೆ. ಕೊಲ್ಲದಿದ್ದರೆ ನಿರೋಧ ಬರುವುದೇ ಇಲ್ಲ ಎಂಬುದೂ ಅತಿಯಾದ ಮಾತು. ಫಿಮ್‌ಎಚ್‌ನಲ್ಲಿ ಹಿಡಿತ ಬದಲಿಸುವ ರೂಪಾಂತರಗಳು ರೋಗಕಾರಕ ತಳಿಗಳಲ್ಲಿ ಈಗಾಗಲೇ ಇವೆ. ಮೇಲಾಗಿ ಇಲಿಯಲ್ಲಿ ಗೆದ್ದ ಎಷ್ಟೋ ಅಣುಗಳು ಮನುಷ್ಯರಲ್ಲಿ ಸೋತಿವೆ. ಆಮ್ಲಜನಕದ ಕೊಂಡಿಯ ಬಾಲವನ್ನು ಜಠರದ ಆಮ್ಲ ಅಥವಾ ದೇಹದ ಕಿಣ್ವಗಳು ಕತ್ತರಿಸುವ ಭಯ ಇರುವುದರಿಂದಲೇ ಇಂಗಾಲದ ಕೊಂಡಿಯಿರುವ ಮ್ಯಾನೋಸೈಡುಗಳತ್ತ ಹಲವರು ಹೊರಳಿದ್ದಾರೆ. ಅವನ್ನು ಕಟ್ಟುವುದು ಮೇಲೆ ಹೇಳಿದ ಮೂರು ಹೆಜ್ಜೆಗಿಂತ ದೀರ್ಘ, ದುಬಾರಿ.

ಪುಡಿಯ ವಿಷಯದಲ್ಲಿ ಸಂಶಯಪಡುವವರು ಗೆದ್ದಿದ್ದಾರೆ ಎನ್ನಬೇಕು. ಕಟ್ಟಿದ ಅಣುಗಳ ವಿಷಯದಲ್ಲಿ ಪಂದ್ಯ ಇನ್ನೂ ಮುಗಿದಿಲ್ಲ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದಲೇ ಗೊಂದಲ. ಪುಡಿ ಮಾರುವವರು ಹೆಪ್ಟೈಲ್ ಮ್ಯಾನೋಸೈಡಿನ ಕೀರ್ತಿಯನ್ನು ಪೊಟ್ಟಣಕ್ಕೆ ಅಂಟಿಸುತ್ತಾರೆ, ಪುಡಿಯ ಸೋಲನ್ನು ಓದಿದವರು ಅದನ್ನು ಪ್ರಯೋಗಾಲಯದ ಅಣುವಿನ ತಲೆಗೆ ಕಟ್ಟುತ್ತಾರೆ. ಸ್ಯಾಶೆಯಲ್ಲಿ ಜತೆಗಿರುವ ಕ್ರ್ಯಾನ್‌ಬೆರಿಯ ಕಥೆ ಮೂರನೆಯದು: ನಡೆದ ಪರೀಕ್ಷೆಗಳನ್ನು ಒಟ್ಟುಹಾಕಿ ತೂಗುವ 2023ರ ಕಾಕ್ರೇನ್ ವಿಮರ್ಶೆ ಅದರಿಂದ ಸೋಂಕು ಮರುಕಳಿಸುವ ಮಹಿಳೆಯರಲ್ಲಿ ಅಪಾಯ ಕಾಲು ಭಾಗದಷ್ಟು ತಗ್ಗುತ್ತದೆ ಎಂದಿದೆ. ಮಿಶ್ರಣ ಕುಡಿದು ಗುಣ ಕಂಡವರು ಅದಕ್ಕೆ ಮ್ಯಾನೋಸಿಗೆ ವಂದನೆ ಹೇಳಬೇಕೆಂದಿಲ್ಲ.

ಮುಂದೆ ಬರುವ ಸುದ್ದಿಯಲ್ಲಿ ಏನನ್ನು ನೋಡಬೇಕು

ಹೊಸ ಮ್ಯಾನೋಸೈಡಿನ ಫಲಿತಾಂಶ ಬಂದಾಗ ಇಷ್ಟು ಅಂಕಿಗಳು ಅದರಲ್ಲಿವೆಯೇ ನೋಡಿ. ಗುಳಿಗೆ ನುಂಗಿದ ಎಂಟು ಹತ್ತು ಗಂಟೆ ಬಳಿಕ ಮೂತ್ರದಲ್ಲಿ ಅಣು ಎಷ್ಟು ಉಳಿದಿತ್ತು? ಅಂಟನ್ನು ನಿಂತ ತಟ್ಟೆಯಲ್ಲಿ ಅಳೆದರೋ, ಹರಿವಿನಲ್ಲೋ? ಸೋಂಕು ಎಂದು ಎಣಿಸಿದ್ದು ಕಲ್ಚರಿನಲ್ಲಿ ಬೆಳೆದಿದ್ದನ್ನೋ, ಉರಿಯ ದೂರನ್ನೋ? ಹೋಲಿಕೆಗೆ ಕೊಟ್ಟಿದ್ದು ಏನು?

ಅದುವರೆಗೆ ಮ್ಯಾನೋಸ್ ಪುಡಿ ಕುಡಿಯುತ್ತಿರುವವರಿಗೆ ದೊಡ್ಡ ಅಪಾಯವೇನೂ ಇಲ್ಲ; ಕೆಲವರಿಗೆ ಹೊಟ್ಟೆ ಉಬ್ಬರ, ತೆಳು ಭೇದಿ ಆಗಬಹುದು, ಹಣ ಖರ್ಚಾಗುತ್ತದೆ. ಅಪಾಯವಿರುವುದು ಪುಡಿಯನ್ನು ನಂಬಿ ಕಾಯುವುದರಲ್ಲಿ. ಚಳಿಜ್ವರ, ಪಕ್ಕೆ ಅಥವಾ ಸೊಂಟದ ಮೇಲ್ಭಾಗದ ನೋವು, ವಾಂತಿ, ಮೂತ್ರದಲ್ಲಿ ರಕ್ತ ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಕೂಡಲೇ ವೈದ್ಯರನ್ನು ಕಾಣಬೇಕು. ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆಯವರಿಗೆ, ಗಂಡಸರಿಗೆ, ಮಕ್ಕಳಿಗೆ ಉರಿಮೂತ್ರ ಬಂದರೂ ಅಷ್ಟೇ, ತಡ ಮಾಡುವಂತಿಲ್ಲ. ಆಂಟಿಬಯೋಟಿಕ್‌ನ ಮೊದಲ ಗುಳಿಗೆ ನುಂಗುವ ಮೊದಲೇ ಮೂತ್ರದ ಕಲ್ಚರಿಗೆ ಕೊಡಬೇಕು. ನುಂಗಿದ ಮೇಲೆ ಕೊಟ್ಟರೆ ಬ್ಯಾಕ್ಟೀರಿಯಾ ಬೆಳೆಯದೆ ವರದಿ ಖಾಲಿ ಬರಬಹುದು, ಯಾವ ಔಷಧ ಹಿಡಿಯುತ್ತದೆ ಎಂಬುದು ತಿಳಿಯದೆ ಹೋಗುತ್ತದೆ.